ಇಕ್ಕಳಹುಳುವಿನ ತಾಯ್ತನವೂ ಶ್ರಾವಕನ ಮೈತ್ರಿಯೂ

ಜೀವದಯೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಹೊಸ ಬಗೆಯ ಸಮರ್ಥನೆ ಬೇರೂರುತ್ತಿದೆ. ಇರುವೆಯನ್ನು ಏಕೆ ತುಳಿಯಬಾರದೆಂದು ಮಗು ಕೇಳಿದರೆ ಅದು ಶ್ರಮಜೀವಿ ಎನ್ನುತ್ತೇವೆ. ಜೇನುನೊಣವನ್ನು ಏಕೆ ಕೊಲ್ಲಬಾರದೆಂದರೆ ಅದರಿಂದ ಹೂವು ಕಾಯಾಗುತ್ತದೆ ಎನ್ನುತ್ತೇವೆ. ಎರೆಹುಳುವಿನ ಮಾತು ಬಂದರೆ ಅದು ರೈತನ ಮಿತ್ರನೆಂಬ ಉತ್ತರ ಸಿದ್ಧವಾಗಿಯೇ ಇದೆ. ಈ ಉತ್ತರಗಳಲ್ಲಿ ಸುಳ್ಳಿಲ್ಲ. ಆದರೆ ಹೀಗೆ ಹೇಳುವಾಗ ನಾವು ಅರಿಯದೆಯೇ ಒಂದೊಂದು ಜೀವಿಗೂ ಬದುಕಲು ಅರ್ಹತಾಪತ್ರವನ್ನು ಬರೆದುಕೊಡುತ್ತಿರುತ್ತೇವೆ. ಶ್ರಮವನ್ನಾಗಲಿ ಉಪಕಾರವನ್ನಾಗಲಿ ತೋರಿಸಲಾರದ ಜೀವಿ ಈ ಪತ್ರವನ್ನು ಎಲ್ಲಿಂದ ತರಬೇಕು? ಯಾರೂ ಆದರಿಸದ ಒಂದು ಸಣ್ಣ ಹುಳುವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬೇಕೆನಿಸಿದೆ.

ಬಚ್ಚಲ ಬಳಿಯ ಕಲ್ಲನ್ನು ಎತ್ತಿದಾಗ, ಹೂಕುಂಡವನ್ನು ಸರಿಸಿದಾಗ, ಬಸದಿಯ ಹಿಂಬದಿಯಲ್ಲಿ ನಿರ್ಮಾಲ್ಯದ ಹೂಗಳು ಕೊಳೆಯುತ್ತಿರುವ ಗುಡ್ಡೆಯನ್ನು ಕೆದಕಿದಾಗ, ಕಂದುಬಣ್ಣದ ಚಪ್ಪಟೆ ಹುಳುವೊಂದು ಬೆಳಕಿಗೆ ಬೆದರಿ ಸರಸರನೆ ಓಡುವುದನ್ನು ಓದುಗರು ಕಂಡಿರಬಹುದು. ಅದರ ಹಿಂತುದಿಯಲ್ಲಿ ಅಕ್ಕಸಾಲಿಗನ ಇಕ್ಕಳದಂಥ ಎರಡು ಕೊಂಡಿಗಳಿರುತ್ತವೆ. ಗಂಡಿನಲ್ಲಿ ಅವು ಬಿಲ್ಲಿನಂತೆ ಬಾಗಿರುತ್ತವೆ, ಹೆಣ್ಣಿನಲ್ಲಿ ಹೆಚ್ಚುಕಡಿಮೆ ನೇರವಾಗಿರುತ್ತವೆ. ಇಂಗ್ಲಿಷಿನಲ್ಲಿ ಇಯರ್‌ವಿಗ್ ಎಂದು ಕರೆಯಲಾಗುವ ಇದನ್ನು ಈ ಲೇಖನದ ಮಟ್ಟಿಗೆ ಇಕ್ಕಳಹುಳು ಎನ್ನೋಣ. ಜಗತ್ತಿನಲ್ಲಿ ಇವುಗಳ ಸುಮಾರು 2000 ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹೆಚ್ಚು ಅಭ್ಯಾಸಕ್ಕೆ ಒಳಗಾಗಿರುವುದು ಯೂರೋಪಿನ ಪ್ರಭೇದ. ಅದರ ಉದ್ದ ಒಂದೂವರೆ ಸೆಂಟಿಮೀಟರನ್ನು ಮೀರುವುದು ವಿರಳ. ಬೆನ್ನಮೇಲಿನ ಗಿಡ್ಡ ಹೊದಿಕೆಯ ಕೆಳಗೆ ಬೀಸಣಿಗೆಯಂತೆ ಮಡಚಿಟ್ಟ ರೆಕ್ಕೆಗಳಿವೆ. ಬಿಚ್ಚಿದರೆ ಮಡಿಕೆಯ ಹತ್ತು ಪಟ್ಟಿಗೂ ಮಿಕ್ಕಿ ಹರಡಿಕೊಳ್ಳುತ್ತವೆ. ಅಷ್ಟು ಸೊಗಸಾದ ರೆಕ್ಕೆಯಿದ್ದೂ ಈ ಹುಳು ಹಾರುವುದು ಅಪರೂಪ. ಹಗಲೆಲ್ಲ ತೇವವಾದ ಸಂದುಗಳಲ್ಲಿ ಅಡಗಿದ್ದು ರಾತ್ರಿ ಆಹಾರಕ್ಕೆ ಹೊರಡುತ್ತದೆ.

ನಿದ್ರಿಸುವವರ ಕಿವಿಯನ್ನು ಹೊಕ್ಕು ಮಿದುಳಿನಲ್ಲಿ ಮೊಟ್ಟೆಯಿಡುತ್ತದೆ ಎಂಬ ಅಪವಾದವನ್ನು ಈ ಹುಳು ಯೂರೋಪಿನಲ್ಲಿ ಶತಮಾನಗಳಿಂದ ಹೊತ್ತುಕೊಂಡಿದೆ. ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರು ಭಾಷೆಗಳಲ್ಲಿಯೂ ಅದರ ಹೆಸರಿನೊಳಗೆ ಕಿವಿ ಸೇರಿಕೊಂಡಿದೆ. ಅಪವಾದಕ್ಕೆ ಆಧಾರವಿಲ್ಲ. ಅದರ ಇಕ್ಕಳದಲ್ಲಿ ವಿಷವೂ ಇಲ್ಲ. ಹಿಡಿದರೆ ಮೆಲ್ಲನೆ ಚಿವುಟಬಲ್ಲದು, ಅಷ್ಟೇ. ನಮ್ಮ ಆಗಮಗಳು ಇರುವೆ ಮೊದಲಾದವನ್ನು ತ್ರೀಂದ್ರಿಯವೆಂದೂ ದುಂಬಿ ಮೊದಲಾದವನ್ನು ಚತುರಿಂದ್ರಿಯವೆಂದೂ ಹೇಳುತ್ತವೆ. ಇಕ್ಕಳಹುಳುವಿಗೆ ಕಣ್ಣುಗಳಿರುವುದರಿಂದ ಚತುರಿಂದ್ರಿಯದಲ್ಲಿ ಎಣಿಸುವುದು ಯುಕ್ತವೆಂದು ತೋರುತ್ತದೆ. ಆಗ ಅದಕ್ಕೆ ನಾಲ್ಕು ಇಂದ್ರಿಯಗಳು, ಕಾಯಬಲ, ವಚನಬಲ, ಶ್ವಾಸೋಚ್ಛ್ವಾಸ ಮತ್ತು ಆಯು ಎಂದು ಎಂಟು ಪ್ರಾಣಗಳಾಗುತ್ತವೆ. ಕಿವಿಯ ಹೆಸರನ್ನು ಹೊತ್ತ ಈ ಜೀವಿಗೆ ಶ್ರೋತ್ರೇಂದ್ರಿಯವೇ ಇಲ್ಲವೆಂಬುದು ಒಂದು ವಿನೋದ.

ಇನ್ನು ಅದರ ತಾಯ್ತನದ ಕಡೆಗೆ ಬರೋಣ. ಚಳಿಗಾಲ ಸಮೀಪಿಸಿದಾಗ ಯೂರೋಪಿನ ಹೆಣ್ಣುಹುಳು ಮಣ್ಣಿನಲ್ಲಿ ಕೆಲವು ಅಂಗುಲಗಳಷ್ಟು ಆಳದಲ್ಲಿ ಗೂಡನ್ನು ತೋಡಿ, ಜೊತೆಗಿದ್ದ ಗಂಡನ್ನು ಹೊರಗಟ್ಟಿ, ಮೂವತ್ತರಿಂದ ಅರುವತ್ತರವರೆಗೆ ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಕೀಟಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ಹೊರಟುಹೋಗುವಂಥವು. ಇದು ಹೋಗುವುದಿಲ್ಲ. ವಾರಗಟ್ಟಲೆ ಆ ಮೊಟ್ಟೆಗಳ ಮೇಲೆಯೇ ಇದ್ದು, ಒಂದೊಂದನ್ನಾಗಿ ಬಾಯಲ್ಲಿ ಹಿಡಿದು ನೆಕ್ಕಿ ಶುದ್ಧಿಗೊಳಿಸುತ್ತದೆ. ತೇವ ಹೆಚ್ಚಿದರೆ ಮೊಟ್ಟೆಗಳನ್ನು ಬೇರೆಡೆಗೆ ಸಾಗಿಸುತ್ತದೆ. ಈ ಕಾಲದಲ್ಲಿ ಅದು ಸಾಮಾನ್ಯವಾಗಿ ಆಹಾರವನ್ನೇ ಸೇವಿಸುವುದಿಲ್ಲ. ತಾಯಿಯನ್ನು ಬೇರ್ಪಡಿಸಿದರೆ ಮೊಟ್ಟೆಗಳಿಗೆ ಬೂಷ್ಟು ಹಿಡಿದು ಬಹುಪಾಲು ನಾಶವಾಗುತ್ತವೆ. ಸ್ವೀಡನ್ ದೇಶದ ಕೀಟಶಾಸ್ತ್ರಜ್ಞ ಚಾರ್ಲ್ಸ್ ಡಿ ಗೀರ್ 1773ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಾನು ಕಂಡದ್ದನ್ನು ಬರೆದಿದ್ದಾನೆ. ಇಂಥ ತಾಯಿಯೊಂದನ್ನು ಅದರ ಮೊಟ್ಟೆಗಳೊಡನೆ ತಂದು ಪೆಟ್ಟಿಗೆಯಲ್ಲಿಟ್ಟಾಗ ಮೊಟ್ಟೆಗಳು ಚೆದುರಿಹೋದವು. ಅದು ಅವನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ತಂದು, ಒಂದೆಡೆ ರಾಶಿಮಾಡಿ, ಮೇಲೆ ಕುಳಿತುಕೊಂಡಿತು. ಮರಿಗಳು ಹೊರಬಂದ ಮೇಲೆಯೂ ತಾಯಿ ರಾತ್ರಿ ಹೊರಗೆ ಹೋಗಿ ಆಹಾರ ತಂದು ಉಣಿಸುತ್ತದೆ.

ಪಾಠಶಾಲೆಯ ಮಕ್ಕಳಿಗೆ ಈ ವೃತ್ತಾಂತವನ್ನು ಹೇಳಿದರೆ ಅವರ ಮುಖ ಅರಳುತ್ತದೆ. “ಹಾಗಾದರೆ ಅದನ್ನು ಕೊಲ್ಲಬಾರದು” ಎನ್ನುತ್ತಾರೆ. ಹಿರಿಯರೂ ಅದನ್ನೇ ಹೇಳುತ್ತಾರೆ. ಆ ‘ಹಾಗಾದರೆ’ ಎಂಬ ಮಾತನ್ನು ಸುಮ್ಮನೆ ದಾಟಿ ಮುಂದೆ ಹೋಗಲಾಗದು. ತಾಯಿಯಾಗಿ ಕಂಡುಬರುವ ಮುನ್ನ ಅದನ್ನು ಕೊಲ್ಲಬಹುದಾಗಿತ್ತೇ? ಗೂಡಿನಿಂದ ಹೊರದೂಡಲ್ಪಟ್ಟ ಗಂಡುಹುಳುವಿನ ಪಾಡೇನು? ಅದು ಯಾವ ಶಿಶುವನ್ನೂ ಸಾಕುವುದಿಲ್ಲ.

ವೃತ್ತಾಂತದ ಉಳಿದ ಭಾಗವನ್ನೂ ಹೇಳಿಬಿಡುವುದು ನ್ಯಾಯ. ಅದೇ ತಾಯಿ ತನ್ನ ಮೊಟ್ಟೆಗಳಲ್ಲಿ ಕೆಲವನ್ನು ತಾನೇ ತಿಂದುಬಿಡುವುದುಂಟು. ಬಾಸೆಲ್ ನಗರದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮರಿಗಳ ಮೈವಾಸನೆಯಿಂದ ಅವುಗಳ ಸ್ಥಿತಿ ತಾಯಿಗೆ ತಿಳಿಯುತ್ತದೆ. ಚೆನ್ನಾಗಿ ಉಂಡ ಮರಿಗಳ ವಾಸನೆ ಬಂದಾಗ ಅದು ಉಣಿಸುವುದು ಹೆಚ್ಚುತ್ತದೆ. ಅಂದರೆ ಹಸಿದವರಿಗೆ ಮೊದಲು ಎಂಬ ನಮ್ಮ ಮನೆಯ ನಿಯಮ ಆ ಗೂಡಿನಲ್ಲಿಲ್ಲ. ಮತ್ತೊಂದು ಕಡೆ, ಫ್ರಾನ್ಸಿನ ಟೂರ್ಸ್ ನಗರದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೊಂದು ಹೆಣ್ಣಿನ ಮೊಟ್ಟೆಗಳನ್ನು ತಂದಿಟ್ಟಾಗಲೂ ಈ ತಾಯಂದಿರು ಅವನ್ನು ತಮ್ಮವೆಂಬಂತೆ ಶುಶ್ರೂಷೆ ಮಾಡಿದವು. ಜಪಾನಿನ ಒಂದು ಪ್ರಭೇದದಲ್ಲಂತೂ ಮರಿಗಳು ಗೂಡನ್ನು ಬಿಡುವ ಮುನ್ನ ತಾಯಿಯನ್ನೇ ತಿಂದು ಹೊರಡುತ್ತವೆ. ತಾಯಿ ತಪ್ಪಿಸಿಕೊಂಡು ಓಡುವುದಿಲ್ಲ. ಇದನ್ನು ಮಹಾತ್ಯಾಗವೆನ್ನಬೇಕೋ, ಮರಿಗಳ ಕೃತಘ್ನತೆ ಎನ್ನಬೇಕೋ? ಎರಡೂ ಅಲ್ಲ. ಮನಸ್ಸಿಲ್ಲದ ಅಸಂಜ್ಞಿ ಜೀವಿಯಲ್ಲಿ ಹಿತಾಹಿತ ವಿಚಾರಕ್ಕೆ ಎಡೆಯಿಲ್ಲವೆಂದು ಶಾಸ್ತ್ರ ಹೇಳುತ್ತದೆ. ಅಲ್ಲಿ ನಡೆಯುವುದು ಮೋಹನೀಯ ಕರ್ಮದ ಉದಯ. ನಮ್ಮ ಪುತ್ರವಾತ್ಸಲ್ಯದ ಬೇರೂ ಅದೇ ಕರ್ಮದಲ್ಲಿದೆ ಎಂಬುದನ್ನು ನೆನೆದರೆ ಆ ಹುಳುವನ್ನು ಕೀಳಾಗಿ ಕಾಣಲು ನಮಗೆ ಕಾರಣವೇನೂ ಉಳಿಯುವುದಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ವ್ರತಿಗೆ ನಾಲ್ಕು ಭಾವನೆಗಳನ್ನು ವಿಧಿಸಿದ್ದಾರೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ. ಈ ನಾಲ್ಕೂ ನಮಗೆ ಬಾಯಿಪಾಠವಾಗಿವೆ; ಆದರೆ ಒಂದೊಂದಕ್ಕೂ ಬೇರೆಬೇರೆ ವಿಷಯವನ್ನು ಗೊತ್ತುಪಡಿಸಿರುವುದನ್ನು ಗಮನಿಸುವವರು ಕಡಿಮೆ. ಪ್ರಮೋದ ಗುಣಾಧಿಕರ ವಿಷಯದಲ್ಲಿ. ಸದ್ಗುಣಿಗಳನ್ನು ಕಂಡಾಗ ಉಂಟಾಗುವ ಸಂತೋಷವದು. ಕಾರುಣ್ಯ ಕ್ಲೇಶಪಡುವವರ ವಿಷಯದಲ್ಲಿ. ಮಾಧ್ಯಸ್ಥ್ಯ ತಿದ್ದಲಾಗದ ಅವಿನೀತರ ವಿಷಯದಲ್ಲಿ. ಮೈತ್ರಿಯೊಂದಕ್ಕೆ ಮಾತ್ರ ಯಾವ ವಿಶೇಷಣವೂ ಇಲ್ಲ; ಅದು ಸರ್ವ ಜೀವಿಗಳ ವಿಷಯದಲ್ಲಿ. ಇಕ್ಕಳಹುಳುವಿನ ತಾಯ್ತನವನ್ನು ಕೇಳಿದಾಗ ನಮ್ಮಲ್ಲಿ ಹುಟ್ಟುವುದು ಪ್ರಮೋದಕ್ಕೆ ಹತ್ತಿರವಾದ ಭಾವ. ಅದು ಕೆಟ್ಟದ್ದಲ್ಲ. ಆದರೆ ಮೈತ್ರಿ ಇರಬೇಕಾದ ಪೀಠದಲ್ಲಿ ಪ್ರಮೋದವನ್ನು ಕೂರಿಸಿದರೆ ಅಹಿಂಸೆ ಬಹುಮಾನ ವಿತರಣೆಯಾಗಿಬಿಡುತ್ತದೆ. ನಮ್ಮನ್ನು ಹೋಲುವವರಿಗೆ ಅಭಯ, ಹೋಲದವರಿಗೆ ಪೊರಕೆ. ರಾಗಾದಿ ಭಾವಗಳ ಉತ್ಪತ್ತಿಯಲ್ಲಿಯೇ ಹಿಂಸೆಯನ್ನು ಕಂಡ ಅಮೃತಚಂದ್ರಾಚಾರ್ಯರ ದೃಷ್ಟಿಯಿಂದ ನೋಡಿದರೆ, ಇಂಥ ಆಯ್ಕೆಯ ದಯೆ ಎಷ್ಟರಮಟ್ಟಿಗೆ ದಯೆ ಎಂಬುದು ವಿಚಾರಣೀಯ.

ಇಲ್ಲಿ ಸಿದ್ಧಾಂತದ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ವಿಜ್ಞಾನ ಓದುವ ನಮ್ಮ ಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ. ಎರಡು, ಮೂರು, ನಾಲ್ಕು ಇಂದ್ರಿಯಗಳ ಜೀವಿಗಳಿಗೆ ಸಮ್ಮೂರ್ಛನ ಜನ್ಮವೆಂದೂ, ಸಮ್ಮೂರ್ಛನ ಜೀವಿಗಳು ನಪುಂಸಕಗಳೆಂದೂ ನಾವು ಓದಿದ್ದೇವೆ. ಹಾಗಿರುವಾಗ ಮೊಟ್ಟೆಯಿಟ್ಟು ಕಾಯುವ ಈ ‘ತಾಯಿ’ ಯಾರು? ಪ್ರಶ್ನೆ ಹೊಸದಲ್ಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ರಚಿಸಿದ ಧವಲಾ ಟೀಕೆಯಲ್ಲಿ ಶಂಕಾಕಾರನು ಇದನ್ನೇ ಎತ್ತುತ್ತಾನೆ. ಇರುವೆಗಳ ಮೊಟ್ಟೆಗಳು ಕಣ್ಣಿಗೆ ಕಾಣುತ್ತಿರುವಾಗ ಅವು ನಪುಂಸಕಗಳೆಂಬುದು ಹೇಗೆ ಸಲ್ಲುತ್ತದೆ ಎಂಬುದು ಅವನ ಆಕ್ಷೇಪ. ಮೊಟ್ಟೆಗಳು ಗರ್ಭದಲ್ಲಿಯೇ ಉತ್ಪನ್ನವಾಗಬೇಕೆಂಬ ನಿಯಮವಿಲ್ಲ ಎಂಬುದು ಆಚಾರ್ಯರ ಸಮಾಧಾನ. ಮೂಡುಬಿದಿರೆಯ ಬಸದಿಯ ತಾಳೆಯೋಲೆಗಳಲ್ಲಿ ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಆ ಮಹಾಗ್ರಂಥದಲ್ಲಿ, ಮೊಟ್ಟೆ ಹೊತ್ತು ಸಾಗುವ ಇರುವೆಯನ್ನು ಯಾರೋ ನಿಂತು ನೋಡಿದ ಗುರುತು ಇದೆ ಎಂಬುದೇ ನನಗೆ ಆಶ್ಚರ್ಯದ ಸಂಗತಿ. ಸಿದ್ಧಾಂತಕ್ಕೆ ತೊಡಕಾಗುವ ದೃಶ್ಯವನ್ನು ಅವರು ಮುಚ್ಚಿಡಲಿಲ್ಲ.

ಇಂದಿನ ಸೂಕ್ಷ್ಮದರ್ಶಕ ಇಕ್ಕಳಹುಳುವಿನಲ್ಲಿ ಗಂಡು ಹೆಣ್ಣುಗಳ ಅವಯವಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ಧವಲಾದ ಸಮಾಧಾನ ಇದನ್ನೂ ಒಳಗೊಳ್ಳುತ್ತದೆ ಎಂದು ಬಲವಂತವಾಗಿ ಸಾಧಿಸುವುದು ನನಗೆ ಇಷ್ಟವಿಲ್ಲ. ಪ್ರತಿಯೊಂದು ಸೂತ್ರದಲ್ಲಿಯೂ ವಿಜ್ಞಾನವನ್ನು ಹುಡುಕಿ ತೆಗೆಯುವ ಲೇಖನಗಳಿಂದ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಹೆಚ್ಚಿನ ಉಪಕಾರವಾಗಿಲ್ಲ. ಶಾಸ್ತ್ರಜ್ಞರು ಈ ಚರ್ಚೆಯನ್ನು ಮುಂದುವರಿಸಲಿ. ಶ್ರಾವಕನಿಗೆ ಬೇಕಾದುದು ಇಷ್ಟು: ಅಹಿಂಸಾಣುವ್ರತವನ್ನು ಹೇಳುವಾಗ ಆಚಾರ್ಯರು ತ್ರಸಜೀವಿಯ ಜನ್ಮವಿಧಾನವನ್ನು ನಿಬಂಧನೆಯಾಗಿ ಇಡಲಿಲ್ಲ. ಸಮ್ಮೂರ್ಛನವೆಂದು ಒಪ್ಪಿದವನಿಗೂ ಅದು ಅವಧ್ಯ, ತಾಯಿಯೆಂದು ನಂಬಿದವನಿಗೂ ಅವಧ್ಯ.

ತಾಯ್ತನದಂತೆಯೇ ಉಪಯೋಗವೂ ಜಾರುವ ನೆಲ. ಯೂರೋಪಿನ ಸೇಬಿನ ತೋಟಗಳಲ್ಲಿ ಹುಲ್ಲು ತುಂಬಿದ ಕುಂಡಗಳನ್ನು ಬೋರಲಾಗಿ ಕಟ್ಟಿ ಇಕ್ಕಳಹುಳುಗಳಿಗೆ ಆಶ್ರಯ ಕೊಡುತ್ತಾರೆ. ಅವು ಸೇಬಿನ ಸಸ್ಯಹೇನುಗಳನ್ನು ತಿನ್ನುತ್ತವೆ. ಕೇರಳದ ತೆಂಗಿನ ತೋಟಗಳಲ್ಲಿ ಕಪ್ಪು ಇಕ್ಕಳಹುಳುವೊಂದು ಕೆಂಪು ಮೂತಿಹುಳುವಿನ ಮೊಟ್ಟೆಗಳನ್ನು ತಿನ್ನುವುದು ಕಂಡುಬಂದಿದೆ. 2018ರಲ್ಲಿ ಕರ್ನಾಟಕದ ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳುವಿನ ಬಾಧೆ ಬಂದಾಗ, ಅದನ್ನು ತಿನ್ನುವ ಜೀವಿಗಳ ಪಟ್ಟಿಯಲ್ಲಿ ಇಕ್ಕಳಹುಳುವೂ ಸೇರಿತು. ಆದರೆ ದಕ್ಷಿಣ ಭಾರತದ ಶೇಂಗಾ ಹೊಲಗಳಲ್ಲಿ ಇದೇ ವರ್ಗದ ಇನ್ನೊಂದು ಪ್ರಭೇದ ಎಳೆಯ ಕಾಯಿಗಳನ್ನು ಕೊರೆದು ತಿನ್ನುತ್ತದೆ. ಸೇಬಿನ ತೋಟದಲ್ಲಿ ಅತಿಥಿಯಾದದ್ದು ಪಕ್ಕದ ಡೇಲಿಯಾ ಗಿಡದ ಬಳಿ ಅಪರಾಧಿ. ಒಂದೇ ಹುಳು, ಒಂದೇ ರಾತ್ರಿ. ಉಪಯೋಗಿ ಜೀವಿ ಎಂಬ ಕಾರಣಕ್ಕೆ ರಕ್ಷಿಸಿದವನು ಮಾರನೆಯ ದಿನ ಅದೇ ಕಾರಣದಿಂದ ಕೊಲ್ಲಬೇಕಾಗುತ್ತದೆ.

ಹೀಗೆಯೇ ಆಯಿತು ಅಮೆರಿಕದಲ್ಲಿ. 1907ರಲ್ಲಿ ಸಿಯಾಟಲ್ ನಗರದಲ್ಲಿ ಈ ಯೂರೋಪಿನ ಹುಳು ಮೊದಲು ಕಂಡುಬಂತು. ಕೆಲವೇ ವರ್ಷಗಳಲ್ಲಿ ಹಿತ್ತಲುಗಳಲ್ಲಿ, ಮನೆಗಳಲ್ಲಿ ತುಂಬಿಕೊಂಡಿತು. ವಿಷದ ಆಹಾರವನ್ನು ಚೆಲ್ಲಿದ್ದು ಸಾಲದೆ, 1920ರ ದಶಕದಲ್ಲಿ ಯೂರೋಪಿನಿಂದ ಒಂದು ಜಾತಿಯ ನೊಣವನ್ನು ತಂದು ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ಪ್ರದೇಶದಲ್ಲಿ ಬಿಡಲಾಯಿತು. ಆ ನೊಣದ ಮರಿಗಳು ಇಕ್ಕಳಹುಳುವಿನ ದೇಹವನ್ನು ಹೊಕ್ಕು ಒಳಗಿನಿಂದ ತಿಂದು ಬೆಳೆಯುತ್ತವೆ. ವಿಷಕ್ಕಿಂತ ಇದು ಮಣ್ಣಿಗೆ ಒಳ್ಳೆಯದೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೃತ, ಕಾರಿತ, ಅನುಮೋದನವೆಂದು ಹಿಂಸೆಯ ಮೂರು ದ್ವಾರಗಳನ್ನು ಎಣಿಸುವ ನಮ್ಮ ಲೆಕ್ಕದಲ್ಲಿ, ನೊಣದ ಕೈಯಲ್ಲಿ ಮಾಡಿಸಿದ ವಧೆಯೂ ಮಾಡಿಸಿದ್ದೇ. ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಕೈದೋಟಗಳಲ್ಲಿಯೂ ಇಂದು ಈ ಹುಳುಗಳಿವೆ. ಅಂಗಡಿಗಳಲ್ಲಿ ವಿಷದ ಡಬ್ಬಿಗಳೂ ಇವೆ.

ಕಾರಿತ ಹಿಂಸೆಯ ಮಾತು ಬಂದುದರಿಂದ ಬಸದಿಗಳ ಆಡಳಿತ ಮಂಡಳಿಗಳಿಗೆ ಒಂದು ವಿಜ್ಞಾಪನೆ. ಉತ್ಸವಕ್ಕೆ ಮುನ್ನ ಪ್ರಾಕಾರವನ್ನು ‘ಶುಚಿ’ಗೊಳಿಸಲು ಕೀಟನಾಶಕ ಸಿಂಪಡಿಸುವವರಿಗೆ ಗುತ್ತಿಗೆ ಕೊಡುವ ಪದ್ಧತಿ ಅಲ್ಲಲ್ಲಿ ಬಂದಿದೆ. ಸಿಂಪಡಿಸುವವನು ಜೈನನಲ್ಲ, ಹಣ ಕೊಡುವವರು ಸಿಂಪಡಿಸುವುದಿಲ್ಲ. ಹೀಗಾಗಿ ಯಾರಿಗೂ ದೋಷವಿಲ್ಲವೆಂಬ ಭಾವನೆ. ಗರ್ಭಗೃಹದಲ್ಲಿ ಅಭಿಷೇಕದ ನೀರನ್ನು ಗಾಳಿಸಿ, ಗಾಳಿಸಿದ ಬಟ್ಟೆಯಲ್ಲಿನ ಜೀವಿಗಳನ್ನು ಬಂದ ಜಲಕ್ಕೇ ಜೋಪಾನವಾಗಿ ಸೇರಿಸುವ ನಾವು, ಅದೇ ಪ್ರಾಕಾರದ ಗೋಡೆಬುಡದಲ್ಲಿ ವಿಷದ ರಸೀದಿಗೆ ಸಹಿ ಹಾಕುತ್ತೇವೆ. ಗೆದ್ದಲು ಮರದ ತೊಲೆಯನ್ನು ತಿನ್ನುತ್ತದೆ, ಬೆಳ್ಳಿಮೀನು ಹುಳು ಗ್ರಂಥಗಳನ್ನು ತಿನ್ನುತ್ತದೆ. ಅಲ್ಲಿ ರಕ್ಷಣೆಯ ಪ್ರಶ್ನೆಯಿದೆ, ಅದನ್ನು ಪ್ರತ್ಯೇಕವಾಗಿ ಆಲೋಚಿಸಬೇಕು. ಇಕ್ಕಳಹುಳು ತೊಲೆಯನ್ನು ಕೊರೆಯುವುದಿಲ್ಲ, ಓಲೆಗರಿಯನ್ನು ನಾಶಮಾಡುವುದಿಲ್ಲ, ಯಾತ್ರಿಕರಿಗೆ ರೋಗ ತರುವುದಿಲ್ಲ. ಅದರ ವಧೆಗೆ ನಮ್ಮ ಜುಗುಪ್ಸೆಯ ಹೊರತು ಬೇರೆ ಕಾರಣ ನನಗೆ ತೋರುವುದಿಲ್ಲ. ಜುಗುಪ್ಸೆ ಒಂಬತ್ತು ನೋಕಷಾಯಗಳಲ್ಲಿ ಒಂದು.

ಶೇಂಗಾ ಬೆಳೆಯುವ ರೈತ ಶ್ರಾವಕನ ಸ್ಥಿತಿ ಬೇರೆ. ಕಾಯಿ ಟೊಳ್ಳಾದರೆ ವರ್ಷದ ಅನ್ನ ಹೋಗುತ್ತದೆ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ಪೂರ್ಣ ತ್ಯಾಗವನ್ನು ವಿಧಿಸಿ, ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಶಕ್ತ್ಯನುಸಾರ ಕಡಿಮೆ ಮಾಡಬೇಕೆಂದು ನಮ್ಮ ಹಿರಿಯರು ಹೇಳಿದ್ದು ಇಂಥ ಕಷ್ಟವನ್ನು ಅರಿತೇ. ಉಳುಮೆಯಲ್ಲಿ ಸಾಯುವ ಜೀವಿಯೂ ವಿಷದಿಂದ ಹುಡುಕಿ ಕೊಂದ ಜೀವಿಯೂ ಒಂದೇ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಬೆಳೆಯ ರಕ್ಷಣೆಗೆಂದು ಹೊಡೆದ ವಿಷ ಯಾವ ಲೆಕ್ಕಕ್ಕೆ ಸೇರುತ್ತದೆ ಎಂಬಲ್ಲಿ ವಿದ್ವಾಂಸರೇ ಒಮ್ಮತಕ್ಕೆ ಬರುವುದು ಕಷ್ಟ. ಪಟ್ಟಣದಲ್ಲಿ ಕುಳಿತು ಅವನಿಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಆ ಶೇಂಗಾದ ಎಣ್ಣೆಯನ್ನು ಕೊಳ್ಳುವವರು ನಾವೇ.

ಮನೆಯಲ್ಲಿ ಮತ್ತು ಬಸದಿಯ ಆವರಣದಲ್ಲಿ ಮಾಡಬಹುದಾದ ಕೆಲಸ ಸುಲಭವಾಗಿದೆ. ತೇವ, ಕೊಳೆತ ಎಲೆ, ರಾತ್ರಿಯ ದೀಪ ಈ ಮೂರೂ ಇಕ್ಕಳಹುಳುವನ್ನು ಕರೆತರುತ್ತವೆ. ಬಚ್ಚಲ ನೀರು ನಿಲ್ಲದಂತೆ ಮಾಡಿ, ನಿರ್ಮಾಲ್ಯದ ಗುಂಡಿಯನ್ನು ಗೋಡೆಯಿಂದ ದೂರವಿಟ್ಟು, ಹೊರಗಿನ ದೀಪವನ್ನು ಬೇಗ ಆರಿಸಿದರೆ ಬಹುಪಾಲು ಹುಳುಗಳು ಒಳಗೆ ಬರುವುದೇ ಇಲ್ಲ. ಬಂದವನ್ನು ಹೊರಸಾಗಿಸಲು, ಸುರುಳಿ ಸುತ್ತಿದ ಹಳೆಯ ಪತ್ರಿಕೆಯನ್ನು ಸ್ವಲ್ಪ ತೇವ ಮಾಡಿ ಸಂಜೆ ಮೂಲೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಅವು ಅದರೊಳಗೆ ಸೇರಿಕೊಂಡಿರುತ್ತವೆ. ದೂರದ ಗಿಡದ ಬುಡಕ್ಕೆ ಒಯ್ದು ಮೆಲ್ಲನೆ ಕೊಡವಬಹುದು. ನಿರ್ಮಾಲ್ಯದ ಗುಡ್ಡೆಯನ್ನು ಒಮ್ಮೆಗೇ ಗುದ್ದಲಿಯಿಂದ ಮಗುಚದೆ, ಮೇಲಿನ ಪದರವನ್ನು ಮೊದಲು ಕೈಯಿಂದ ಬಿಡಿಸಿ ಸ್ವಲ್ಪ ಹೊತ್ತು ಬಿಟ್ಟರೆ ಒಳಗಿರುವವು ಬೆಳಕಿಗೆ ಬೆದರಿ ತಾವೇ ಸರಿದುಹೋಗುತ್ತವೆ. ಪ್ರಾಕಾರದ ಚಪ್ಪಡಿಗಳನ್ನು ಎಬ್ಬಿಸುವ ಕೆಲಸವಿದ್ದರೆ ಕೂಲಿಯವರಿಗೆ ಮುಂಚಿತವಾಗಿ ತಿಳಿಸಿರಬೇಕು. ಕಲ್ಲಿನಡಿ ಮೊಟ್ಟೆಗಳ ರಾಶಿಯೂ ಅದರ ಮೇಲೆ ಅಲುಗಾಡದೆ ಕುಳಿತ ಹುಳುವೂ ಕಂಡರೆ ಕಲ್ಲನ್ನು ಇದ್ದಂತೆಯೇ ಇಳಿಸಿ, ಆ ಒಂದು ಚಪ್ಪಡಿಯ ಕೆಲಸವನ್ನು ಕೆಲವು ವಾರ ಮುಂದೂಡಬಹುದು. ಮೊಟ್ಟೆಗಳಿಲ್ಲದೆ ಒಂಟಿ ಗಂಡುಹುಳು ಮಾತ್ರ ಇದ್ದರೆ ಕೆಲಸ ಮುಂದೂಡಬೇಕಾಗಿಲ್ಲ. ಅದು ಸರಿದುಹೋಗುವವರೆಗೆ ಕಲ್ಲನ್ನು ಎತ್ತಿ ಹಿಡಿದಿದ್ದರೆ ಸಾಕು.